ತುಂಡು ಗೆರೆ

ನಮ್ಮ ಕಡೆ ಸಜಾ ಅಂದರೆ ಶಿಕ್ಷೆ.
ಶಾರ್ಜಾದಲ್ಲಿ ಅದೊಂದು ಜಾಗದ ಹೆಸರು:
ಗುಜರಿ ಅಂಗಳ, ಸಿಮೆಂಟಿನ ಧೂಳು,
ಶುಕ್ರವಾರವೂ ಆರದ ವೆಲ್ಡಿಂಗ್ ಕಿಡಿ.
ಅಲ್ಲಿ, ತಗಡಿನ ನೆರಳಲ್ಲಿ,
ಗಾಲಿ ಕಳಚಿ ಕೂತಿದೆ ಒಂದು ಹಳೆಯ ಕವಚದ ಗಾಡಿ.
ಬಾಗಿಲಿಲ್ಲ, ಮೇಲಿನ ಗೋಪುರವಿಲ್ಲ,
ಒಳಗೆ ಬೆಕ್ಕೊಂದು ಮರಿ ಹಾಕಿದೆ.

"ಇದ್ದ ಹಾಗೇ ಆಗಬೇಕು," ಅಂದರು ಉಬೈದ್ ಸಾಹೇಬರು,
"ಇದ್ದಿರಬಹುದಾದ ಹಾಗೆ ಬೇಡ."
ಎರಡರ ನಡುವೆ ಎಷ್ಟು ಮಿಲಿಮೀಟರ್
ಅಂತ ನಾನು ಕೇಳಲಿಲ್ಲ.
ನನ್ನ ವೀಸಾ ನವೀಕರಣದ ತಿಂಗಳು ಅದು.

ನಕ್ಷೆ ಹುಡುಕಿದೆ.
ಮೊದಲನೆಯದು ಆಟಿಕೆ ಜೋಡಿಸುವವರ ಹಳೆಯ ಮಾಸಿಕದ್ದು,
ಮೂವತ್ತೈದಕ್ಕೆ ಒಂದರ ಅಳತೆ;
ಹಾಳೆ ಮಡಿಕೆ ಬಿದ್ದಲ್ಲಿ ಮುಂದಿನ ಗಾಲಿ ಮೊಟ್ಟೆಯಾಗಿತ್ತು.
ಎರಡನೆಯದು ಪೋಲೆಂಡಿನ ಯಾರೋ ಬರೆದದ್ದು,
ಎಷ್ಟು ಚಂದ ಅಂದರೆ ಪ್ರತಿ ರಿವೆಟ್ಟಿಗೂ ಒಂದು ನೆರಳು,
ಆದರೆ ಎದುರಿನಿಂದ ನೋಡಿದರೆ ಗಾಡಿ ದಪ್ಪ,
ಮೇಲಿನಿಂದ ನೋಡಿದರೆ ಸಣಕಲು.
ಮೂರನೆಯದು ಕಾರ್ಖಾನೆಯದೇ ಅಂತ
ಇಪ್ಪತ್ತೈದು ಪೌಂಡ್ ಕೊಟ್ಟು ತರಿಸಿದ್ದು.
ನೀಲಿ ಕಾಗದ, ಸೀಲು, ಸಹಿ, ಎಲ್ಲ ಇತ್ತು.

ಮೂರರಲ್ಲೂ ಹಿಂಬದಿಯ ಮುಚ್ಚಳಕ್ಕೆ ಏಳು ಬೋಲ್ಟು.
ಮೂವರು ಸಾಕ್ಷಿ ಒಂದೇ ಮಾತು ಹೇಳಿದರೆ
ನ್ಯಾಯಾಧೀಶ ಎದ್ದು ಊಟಕ್ಕೆ ಹೋಗಬಹುದು.
ನಾನು ಟಾರ್ಚು ಹಿಡಿದು, ಬೆಕ್ಕಿನ ಬಾಣಂತನ ಕದಡಿ,
ತುಕ್ಕು ಕೆರೆದು ಎಣಿಸಿದೆ: ಎಂಟು ತೂತು.
ಮತ್ತೆ ಎಣಿಸಿದೆ. ಎಂಟು.

ಸಾಕ್ಷಿ ಮೂವರಲ್ಲ, ಒಬ್ಬನೇ.
ಯಾವನೋ, ಎಂದೋ, ಒಂದು ಫೋಟೋ ನೋಡಿ ಬರೆಯುವಾಗ
ಹಗ್ಗದ ಸುರುಳಿಯ ಹಿಂದೆ ಅಡಗಿದ ಒಂದು ಬೋಲ್ಟನ್ನು ಬಿಟ್ಟ;
ಉಳಿದವರು ಅವನ ಮಕ್ಕಳು, ಮೊಮ್ಮಕ್ಕಳು.
ಮಚ್ಚೆಯ ಹಾಗೆ ಇಳಿದು ಬಂದಿದೆ ತಪ್ಪು.
ಸರಿಗೆ ಕುಲವಿಲ್ಲ, ಯಾರು ಅಳೆದರೂ ಅದೇ ಸಿಗುತ್ತದೆ.
ಇಪ್ಪತ್ತೈದು ಪೌಂಡಿನ ಸೀಲೂ ಅದೇ ಮನೆತನದ್ದು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅನ್ನುತ್ತಿದ್ದರು
ವಿಜಾಪುರದ ಪಾಲಿಟೆಕ್ನಿಕ್ಕಿನ ಹಲಗಲಿ ಮೇಷ್ಟ್ರು,
ನನ್ನ ಟ್ರೇಸಿಂಗ್ ಹಾಳೆಯ ಮೇಲೆ ಬ್ಲೇಡು ಆಡಿಸುತ್ತ.
ಕೆರೆದಲ್ಲೆಲ್ಲ ಕಾಗದ ಬೆಳಕು ಬಿಡುತ್ತಿತ್ತು.
ಅವರಿಗೇನು ಗೊತ್ತು, ಇಲ್ಲಿ ಆಗಸ್ಟಿನಲ್ಲಿ
ನೆರಳು ಸರಿದ ಮೇಲೆ ಅಳೆದ ಕಬ್ಬಿಣ
ಮುಂಜಾನೆಯದಕ್ಕಿಂತ ಒಂದೂವರೆ ಮಿಲಿಮೀಟರ್ ಉದ್ದ.

ಒಬ್ಬ ಡ್ರೈವರ್ ಉಳಿದಿದ್ದ, ಅಜ್ಮಾನಿನಲ್ಲಿ,
ದಾದ್ ಮುಹಮ್ಮದ್, ಬಲೂಚಿ, ಎಂಬತ್ತು ದಾಟಿದವ.
ನಕ್ಷೆ ಕೊಟ್ಟರೆ ತಲೆಕೆಳಗೆ ಹಿಡಿದ,
ಮಡಚಿ ಬೀಸಣಿಗೆ ಮಾಡಿಕೊಂಡ.
ಆಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ ಕಣ್ಣು ಮುಚ್ಚಿ
ಎಡಗಾಲು ಚಾಚಿದ, ಬಲ ಮೊಣಕೈ ಒಳಗೆಳೆದ,
ತಲೆ ಬಗ್ಗಿಸಿದ. ಅಲ್ಲೊಂದು ಅಂಚು ಇತ್ತಂತೆ,
ಹಣೆಯ ಕಲೆ ಅದರದೇ.
ಟೇಪು ಬಿಚ್ಚಿ ನಾನು ಗಾಳಿಯನ್ನು ಅಳೆದೆ:
ಮೊಣಕಾಲಿನಿಂದ ಇಲ್ಲದ ಲಿವರಿಗೆ ಇನ್ನೂರ ಹತ್ತು,
ಹಣೆಯಿಂದ ಇಲ್ಲದ ಕಬ್ಬಿಣಕ್ಕೆ ಸೊನ್ನೆ.
ಸೊಸೆ ತಂದಿಟ್ಟ ಸುಲೈಮಾನಿ ಆರಿಹೋಯಿತು.

"ಗನ್ನು ಎಷ್ಟು ಎತ್ತರದಲ್ಲಿತ್ತು, ಚಾಚಾ?"
ಕಣ್ಣು ಬಿಟ್ಟ.
"ಅದು ನನ್ನ ತಲೆಯ ಹಿಂದೆ ಇರುತ್ತಿತ್ತು.
ಸದ್ದು ಗೊತ್ತು. ತಿರುಗಿ ನೋಡಿಲ್ಲ."

ರಾತ್ರಿ ರೂಮಿನಲ್ಲಿ ಮೊದಲ ಗೆರೆ ಎಳೆದೆ.
ಮುಟ್ಟಿ ಅಳೆದದ್ದು ಗಟ್ಟಿ ಗೆರೆ.
ಮುದುಕನ ಮೈ ಹೇಳಿದ್ದು ಸಪೂರ ಗೆರೆ.
ಗೋಪುರಕ್ಕೆ ತುಂಡು ಗೆರೆ.
ಎಂಟನೆಯ ಬೋಲ್ಟಿಗೆ ಕೊಂಚ ಹೆಚ್ಚೇ ಒತ್ತಿದೆ, ಸುಳ್ಳು ಹೇಳಲಾರೆ.
ಗನ್ನಿನ ಜಾಗ ಖಾಲಿ ಬಿಟ್ಟು, ಅಲ್ಲಿ ಸಣ್ಣಗೆ
"ಗೊತ್ತಿಲ್ಲ" ಅಂತ ಕನ್ನಡದಲ್ಲಿ ಬರೆದೆ.

ಮುಂದೆ ಇದನ್ನು ನಕಲು ಮಾಡುವವನು
ಈ ದುಂಡು ದುಂಡು ಗೆರೆಗಳೂ ಗಾಡಿಯ ಭಾಗವೇ ಅಂದುಕೊಂಡು
ಒತ್ತು ಬಿಡದೆ, ಕೊಂಬು ಬಿಡದೆ, ಎಳೆಯಲಿ.