ಓಡುತ್ತಿರುವಾಗಲೇ

ಪೀಣ್ಯ ಎರಡನೇ ಹಂತ, ಹತ್ತನೇ ಕ್ರಾಸು.
ಶೆಟರು ಅರ್ಧ ಎಳೆದ ಶೆಡ್ಡಿನೊಳಗೆ
ಸ್ಪ್ರಿಂಗೊಂದನ್ನು ಒತ್ತುತ್ತಿದ್ದೇವೆ, ಬಿಡುತ್ತಿದ್ದೇವೆ,
ಸೋಮವಾರದಿಂದ.
ಹತ್ತು ಲಕ್ಷ ಸಲ ಬಗ್ಗಿ ಎದ್ದರೆ ಪಾಸು.
ಆಮೇಲೆ ಇದರ ಒಡಹುಟ್ಟಿದವು ಲಾರಿಗಳಿಗೆ ಹೋಗುತ್ತವೆ,
ಇದು ಗುಜರಿಗೆ.

ಮೊದಮೊದಲು ನಾನು ಬರೆದ ಪ್ರೋಗ್ರಾಮು
ಎಲ್ಲ ಮುಗಿದ ಮೇಲಷ್ಟೇ ಬಾಯಿ ಬಿಡುತ್ತಿತ್ತು.
ಪರದೆ ತುಂಬ ಬಿಳಿ, ನಡುವೆ ತಿರುಗುವ ಒಂದು ಬಳೆ.
ಒಂದು ಬೆಳಗಿನ ಜಾವ ಸ್ಪ್ರಿಂಗು ಮುರಿದು ಬಿದ್ದು
ಮೂರು ತಾಸು ಬರೀ ಗಾಳಿಯನ್ನು ಒತ್ತಿದ್ದವು ಯಂತ್ರದ ದವಡೆಗಳು.
ಕೊನೆಗೆ ಬಂತು ಚಾರ್ಟು,
ತಿಥಿಯ ದಿನ ಬಂದ ನೆಂಟನ ಹಾಗೆ
ಇಸ್ತ್ರಿ ಮಾಡಿದ ಅಂಗಿ ತೊಟ್ಟು.

ಅಂಜನಪ್ಪನವರು ನಕ್ಕರು.
ಅವರ ಕಾಲಕ್ಕೆ ಉರುಳೆಯ ಸುತ್ತ ಕಾಗದ, ನೇರಳೆ ಶಾಯಿಯ ಮುಳ್ಳು.
"ಶಾಯಿ ಮುಗೀತಾ ಬಂದ್ರೆ ಮಿಷಿನ್ ನಿಲ್ಲಿಸ್ತಿರ್ಲಿಲ್ಲ ಕಣಮ್ಮ ಪ್ರಫುಲ್ಲಾ,
ಉಸಿರು ಬಿಗಿ ಹಿಡಿದು ಒಂದು ತೊಟ್ಟು ಬಿಡೋದು, ಓಡ್ತಿರುವಾಗಲೇ.
ಕೈ ನಡುಗಿದ್ರೆ ಆ ನಡುಕಾನೂ ಗ್ರಾಫಲ್ಲಿ ಬರೋದು."
ಅವರ ತೋರುಬೆರಳ ತುದಿ ಇನ್ನೂ ನೇರಳೆ ಇದ್ದೀತೆಂದು ನೋಡಿದೆ.
ಸುಣ್ಣ ಇತ್ತು.

ಮೂರು ರಾತ್ರಿ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು ಇಷ್ಟು:
ಪ್ರತಿ ಸಲ ಹೊಸ ಚಿತ್ರ ಬರೆಯಲು ಕೂರಬಾರದು,
ಇರುವ ಗೆರೆಯ ಕೈಗೇ ಹೊಸ ಬಿಂದು ಕೊಡಬೇಕು.
ಕೊಟ್ಟು,
ಮುಂದಿನ ಸುತ್ತು ಶುರುವಾಗುವ ಮುನ್ನ
ಸೆಕೆಂಡಿನ ಹತ್ತರಲ್ಲೊಂದು ಪಾಲು
ಸುಮ್ಮನಿರಬೇಕು.
ಆ ಸಂದಿಯಲ್ಲೇ ಪರದೆ ಎದ್ದು ಮುಖ ತೊಳೆದುಕೊಳ್ಳುತ್ತದೆ.
ಬಿಡುವೇ ಕೊಡದೆ ದುಡಿಸಿದರೆ
ಕೆಲಸವೇನೋ ಆಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.
(ಇದನ್ನು ಅತ್ತೆಗೂ ಹೇಳಬೇಕೆಂದಿದ್ದೇನೆ.)

ಈಗ ಗೆರೆ ಬರುತ್ತಿದೆ. ಏರು, ಇಳಿ, ಏರು, ಇಳಿ,
ಇದ್ದಕ್ಕಿದ್ದಂತೆ ಒಂದು ಬಿಕ್ಕಳಿಕೆ.
ನಾನೂ ಖುತೇಜಾಳೂ ಬೋಲ್ಟು ಬಿಗಿದೆವು, ವೈರು ಅಲುಗಿಸಿದೆವು.
ಏಳೆಂಟು ನಿಮಿಷಕ್ಕೆ ಮತ್ತೆ ಅದೇ.
ಅವಳು ಶೆಟರಿನಡಿ ಬಗ್ಗಿ ಹೊರಗೆ ಹೋಗಿ ಬಂದಳು:
"ಅಕ್ಕಾ, ಮೆಟ್ರೋ!"
ತುಮಕೂರು ರಸ್ತೆಯ ಕಂಬಗಳ ಮೇಲೆ ರೈಲು ಹೋದಾಗಲೆಲ್ಲ
ನಮ್ಮ ಗೆರೆಗೆ ಗೊತ್ತಾಗುತ್ತದೆ.
ಕಡೇ ರೈಲು ದಾಟಿದ ಮೇಲೆ ನಾವು ಡಬ್ಬಿ ಬಿಚ್ಚುತ್ತೇವೆ.

ಕರೆಂಟು ಹೋಗಿ ಬಂದಾಗ ಗೆರೆ ನೆಗೆದು ಚಾವಣಿ ಮುಟ್ಟಿತು.
ಆ ಒಂದನ್ನು ಹಿಡಿಸಲು ಅಳತೆಪಟ್ಟಿ ತಾನೇ ಹಿಗ್ಗಿ
ಅಲ್ಲಿಯವರೆಗಿನ ಬೆಟ್ಟಗಳೆಲ್ಲ ರಾಗಿಕಾಳು.
ಅಪ್ಪನನ್ನು ವಾರ್ಡಿನಲ್ಲಿ ಮಲಗಿಸಿದ ವಾರ ಹೀಗೇ ಆಗಿತ್ತು:
ಕಟ್ಟದ ಚೀಟಿ, ಮಾತು ಬಿಟ್ಟ ತಂಗಿ, ಕೆಟ್ಟ ಕುಕ್ಕರು,
ಎಲ್ಲ ಒಂದೇ ಸಪಾಟು.
ಐನೂರು ಬಿಂದುಗಳಷ್ಟೇ ಹಿಡಿಸುವ ಕಿಟಕಿ ಇದು.
ಬಲಕ್ಕೊಂದು ಬಂದರೆ ಎಡಕ್ಕೊಂದು ಉದುರಬೇಕು.
ನೆಗೆತವೂ ಉದುರಿತು, ಪಟ್ಟಿ ಕುಗ್ಗಿತು,
ಅಪ್ಪ ಮನೆಗೆ ಬಂದು ಗಂಜಿಗೆ ಉಪ್ಪು ಕಮ್ಮಿ ಎಂದರು,
ಕುಕ್ಕರು ಮತ್ತೆ ಬೆಟ್ಟವಾಯಿತು.

ಎಂಟು ಲಕ್ಷದ ಅರವತ್ತೊಂದು ಸಾವಿರ.
ಶಿಖರಗಳು ಕೂದಲೆಳೆಯಷ್ಟು ತಗ್ಗುತ್ತಿವೆ.
ಸ್ಪ್ರಿಂಗಿಗೆ ಆಯಾಸ.
ಮುಗಿದ ಮೇಲೆ ನೋಡಿದರೆ ಇದು ಬರೀ ಇಳಿಜಾರು,
ಈಗ ನೋಡಿದರೆ
ನಾವೇ ಒತ್ತುತ್ತಿರುವುದು.
ಖುತೇಜಾ ಬಟನ್ನಿನ ಹತ್ತಿರ ಬೆರಳು ಒಯ್ದು ನನ್ನ ಮುಖ ನೋಡುತ್ತಾಳೆ.
ನಾನು ಏನೂ ಹೇಳುವುದಿಲ್ಲ. ಬೆರಳು ವಾಪಸು.

ಐದು ಗಂಟೆ ದಾಟಿ, ನುಣುಪಾದ ಗೆರೆಯ ಮೇಲೆ
ದಿನದ ಮೊದಲ ಬಿಕ್ಕು.
ಆ ಚೂರು ಏರಿನಲ್ಲಿ ಅಂಜನಪ್ಪನವರೂ ಇದ್ದಾರೆ,
ಟೀ ಫ್ಲಾಸ್ಕಿನ ಭಾರವೂ.
ಇನ್ನು ಹತ್ತು ನಿಮಿಷಕ್ಕೆ ಬಂದು ಶೆಟರು ಬಡಿಯುತ್ತಾರೆ.