ಯಾವ ಹಸರು

ಜವಳಿ ಸಾಲಿನ ಮ್ಯಾಚಿಂಗ್ ಸೆಂಟರಿನಾಗ
ಮೂವತ್ತೊಂದು ವರ್ಷ ನಿಂತ ಕಾಲು ಇವು.
ರಾತ್ರಿ ದಾಜಿಬಾನ ಪೇಟಿ ಮನಿಗೆ ಬಂದು ಚಾಚಿದೆ ಅಂದ್ರ
ತಮ್ಮನ ಮಗಳು ನಿಹಾರಿಕಾ ಮೊಬೈಲ್ ಹಿಡಕೊಂಡು
ಮೊಣಕಾಲ ಮ್ಯಾಲೇ ಕುಂಡ್ರತಾಳ:
"ಈಶೂಕಾಕಾ, ಗುಲ್ಲ್ಯಾಗ ಒಂದು ಕೋಟು ಹುಡುಕಿ ಕೊಡು."

ಗುಲ್ಲ್ಯಾ ಅಂದ್ರ ನರಿ. ನಾಯಿ ಅಂದ್ರೂ ನಡೀತೈತಿ.
ಕಿವಿ ದೊಡ್ಡವು, ಹೊಟ್ಟಿ ಬೆಳ್ಳಗ.
ಪರದೆ ನಡುವ ಬರಿಮೈಲೆ ನಿಂತು
ಎರಡು ಸೆಕೆಂಡಿಗೊಮ್ಮೆ ಕಣ್ಣು ಮಿಟಕಸ್ತೈತಿ,
ಗಿರಾಕಿ ಇಲ್ಲದ ಮಧ್ಯಾಹ್ನ ನಾ ನಿಂತಂಗ.

ಬಟ್ಟಿ ಎಷ್ಟು? ಹನ್ನೆರಡು ಸಾವಿರದ ಮ್ಯಾಲೆ.
ಅಷ್ಟು ಥಾನು ನಮ್ಮ ಸೇಠಜಿ ಗೋಡೌನಿನಾಗೂ ಇಲ್ಲ.
ಅದಕ್ಕ ಮ್ಯಾಲೆ ಒಂದು ಜರಡಿ ಇಟ್ಟಾರ:
ಟೋಪಿ, ಅಂಗಿ, ಬೂಟು, ಬಾಲಕ್ಕ ರಿಬ್ಬನ್ನು.
ಬಾಲಕ್ಕ ಅಂತ ಬ್ಯಾರೆ ಖಾನೆ! ನಮ್ಮಲ್ಲಿ ಇಲ್ಲ ನೋಡ್ರಿ.
ಆಕಿ ಪಟಪಟ ಒತ್ತತಾಳ:
ಕೋಟು. ನರಿ ಅಳತಿ. ಹಸರು.

ಹಸರಂದ್ರ ಯಾವ ಹಸರವ್ವಾ?
ಗಿಳಿ ಹಸರೋ, ಹೆಸರಕಾಳ ಹಸರೋ,
ಮೆಹಂದಿಯೋ, ಪಿಸ್ತಾನೋ, ರಾಮಾ ಗ್ರೀನೋ,
ಮಾವಿನ ಚಿಗರು ಕೆಂಪು ಬಿಟ್ಟು ತಿರಗೋ ದಿನದ್ದೋ,
ತೊಳದು ತೊಳದು ಬಿಳಚಿದ ಬಾಟಲ್ ಗ್ರೀನೋ?
"ಹಸರು ಅಂದ್ರ ಹಸರು, ಕಾಕಾ."

ಜರಡಿಗೆ ಒಂದ ಒಂದು ಹಸರು ಗೊತ್ತು.
ಪಾಪ, ಅದನ್ನ ಯಾರೂ ಬಾಗಲ ತನಕ ಕರಕೊಂಡು ಹೋಗಿಲ್ಲ.
ನಮ್ಮಲ್ಲಿ ಟ್ಯೂಬ್‌ಲೈಟಿನ ಮಾತು ನಂಬಂಗಿಲ್ಲ.
ಸೀರಿ ಸೆರಗು, ಬ್ಲೌಸ್ ಪೀಸು ಎರಡೂ ಹಿಡಕೊಂಡು
ಮೆಟ್ಟಲ ಇಳದು, ಬಿಸಲಿಗೆ ಒಡ್ಡಿ,
ಆಮ್ಯಾಲೆ ಕತ್ತರಿ.

"ಇನ್ನೂ ನೂರಾ ಹದಿನಾರು ಅದಾವು."
ಉದ್ದ ತೋಳು ಒತ್ತಿದ್ಳು. ನಲವತ್ತಾದವು.
ಬಂಗಾರದ ಗುಂಡಿ. ಏಳು.
ನನ್ನ ಕಡೆ ಇರೋ ನಾಣ್ಯದಾಗ.
ಬಿಳಿ ಪರದೆ. ನಡುವ ಒಂದು ಸಾಲು:
ಏನೂ ಸಿಗಲಿಲ್ಲ.

ಈ ಜಾಗ ನನಗ ಗೊತ್ತು.
ದಿನಾ ಕೌಂಟರಿನ ಆ ಕಡೆ ಬಂದು ನಿಲ್ಲತೈತಿ ಇದು.
ಎಲ್ಲಾ ಕೇಳಿ ಮುಗದ ಮ್ಯಾಲೆ, ಯಾವುದನ್ನ ಮೊದಲ ಬಿಡಬೇಕು?
ನವಲೂರಿನ ಟೀಚರಬಾಯಿ ರೇಟು ಬಿಟ್ಟಾರು, ಬಣ್ಣ ಬಿಡಂಗಿಲ್ಲ.
ಮದವಿ ಖರೀದಿಗೆ ಬಂದ ಸೋದರತ್ತಿ
ಬಣ್ಣ ಬಿಟ್ಟು ರೇಟು ಹಿಡೀತಾಳ.
ಕುಂದಗೋಳದಾಕಿ ಒಬ್ಬಾಕಿ
ಹರದ ತೋಳಿನ ಚಿಂತಾಮಣಿ ಬಣ್ಣದ ಚೂರು
ಕರ್ಚೀಫಿನಾಗ ಕಟಗೊಂಡು ನಾಕು ವರ್ಷದಿಂದ ಬರತಾಳ.
ಏನೂ ಬಿಡಂಗಿಲ್ಲ. ಚಾ ಕುಡದು,
"ಇರಲಿ ತಗೋರಿ, ಸಿಕ್ಕಾಗ ಸಿಗತೈತಿ" ಅಂತ ಬಸ್ಸಿಗೆ ಹೋಗತಾಳ.

ನಿಹಾರಿಕಾ ಏನು ಬಿಡತಾಳ ನೋಡೂಣು ಅಂತ ಸುಮ್ಮನಾದೆ.
ಗುಂಡಿ ಬಿಡಲಿಲ್ಲ. ತೋಳು ಬಿಡಲಿಲ್ಲ. ಹಸರಿನ ಟಿಕ್ ಹಂಗ ಇತ್ತು.
ತುಟಿ ಕಚ್ಚಿ, ಒಂದು ಗಳಿಗಿ ವಿಚಾರ ಮಾಡಿ
ನರಿ ತಗದ್ಳು.
ಮೊಲ ಇಟ್ಳು.
ಮೊಲದ ಅಳತಿ, ಹಸರು ಕೋಟು, ಬಂಗಾರದ ಗುಂಡಿ,
ಮೂವತ್ತೈದು ನಾಣ್ಯ. ಸಿಕ್ಕೇ ಬಿಡ್ತು!

ಸೀರಿ ಸಲುವಾಗಿ ಬ್ಲೌಸ್ ಬದಲಿಸಿದವರನ್ನ ಕಂಡೀನಿ,
ಬ್ಲೌಸ್ ಸಲುವಾಗಿ ಸೀರಿ ಬದಲಿಸಿದವರನ್ನೂ.
ಉಡೋ ಮೈಯನ್ನ ಬದಲಿಸಿದಾಕಿ ಈಕಿ ಒಬ್ಬಾಕಿನ.
ನಗಿ ಬಂತು. ಯಾಕೋ ಪೂರ್ತಿ ಬರಲಿಲ್ಲ.

ಆಕಿ ಮಲಗಿದ ಮ್ಯಾಲೆ ಮೊಬೈಲ್ ತಗದೆ.
ಗುಲ್ಲ್ಯಾ ಮೂಲ್ಯಾಗ, ಹೆಬ್ಬೆರಳ ಉಗರಿನಷ್ಟ ಆಗಿ
ಕಣ್ಣು ಮಿಟಕಸ್ತಿತ್ತು.
ಎಲ್ಲಾ ಟಿಕ್ ಅಳಿಸಿ ಎರಡ ಇಟ್ಟೆ:
ನರಿ ಅಳತಿ, ಪುಕಟಿ.
ಬಂದದ್ದು ಒಂದು ಮಫ್ಲರ್.
ಕೊರಳಿಗೆ ಸುತ್ತಿದೆ.

ಬಣ್ಣ ಏನಂತೀರಿ?
ಉಳ್ಳಾಗಡ್ಡಿ ಸಿಪ್ಪಿ ಇದ್ದೀತು, ಗಂಧ ಇದ್ದೀತು.
ಟ್ಯೂಬ್‌ಲೈಟಿನಾಗ ಹೇಳಾಕ ಬರಂಗಿಲ್ಲ.
ಮುಂಜಾನೆ ಬಾಗಲಕ್ಕ ಒಯ್ದು ನೋಡಬೇಕು.