ಬೆರಣಿ ಲೆಕ್ಕ

ಬಂದ ದಿನವೇ ಅವನನ್ನು
ಉಣ್ಣೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು.
ಅರವತ್ತೊಂದು ಕಿಲೋ, ಬೂಟೂ ಸೇರಿ.
ಉಸ್ತಾದ ಸೋದ್ನೋಮ್ ನಕ್ಕ:
'ಇವನನ್ನು ಎತ್ತಿ ಒಗೆಯಬೇಕಿಲ್ಲ, ಊದಿದರೆ ಸಾಕು.'

ಮಂಗೋಲರ ಕುಸ್ತಿಯಲ್ಲಿ ತೂಕದ ಜೋಡಿ ನೋಡುವುದಿಲ್ಲ.
ನೂರಿಪ್ಪತ್ತು ಕಿಲೋದವನೂ ಎದುರು ನಿಲ್ಲುತ್ತಾನೆ.
ಸೋತವನು ಗೆದ್ದವನ ತೋಳಡಿ ನುಸುಳಬೇಕು,
ಅಷ್ಟೇ ನ್ಯಾಯ.

ನಾನು ಸೆವೆಲ್ಮಾ, ಅಡುಗೆಯವಳು.
ಇಪ್ಪತ್ತು ಹುಡುಗರ ಹೊಟ್ಟೆ ನನ್ನ ಸೌಟಿನ ಮೇಲೆ.
ಉಲಾನ್‌ಬಾತರ್‌ನಿಂದ ಚಾರ್ಟೊಂದು ತಂದು ಒಲೆಯ ಹಿಂದೆ ಅಂಟಿಸಿದರು:
ಕಾರ್ಬೋಹೈಡ್ರೇಟು, ಪ್ರೋಟೀನು, ಕೊಬ್ಬು,
ಮೂರು ಬಣ್ಣದ ಹೋಳಿರುವ ದುಂಡು ರೊಟ್ಟಿ.
ವಾರದೊಳಗೆ ಹಬೆ ತಾಗಿ
ಹಳದಿ ಹೋಳು ಕೆಂಪಿನೊಳಗೆ ಇಳಿದಿತ್ತು.

ಹುಡುಗ ಚೋಯ್ಜಿಲ್ ಚಾರ್ಟು ಓದಿದ, ಒಂದೇ ಪದ ಹಿಡಿದ.
ಮಾಂಸದಿಂದಲೇ ಮಾಂಸ ಬೆಳೆಯುವುದಂತೆ.
ನೂಡಲ್ಸು ಬದಿಗೆ ಸರಿಸಿದ,
ಕುರಿಬಾಲದ ಕೊಬ್ಬು ಮುಟ್ಟಲಿಲ್ಲ,
ಬೆಂದ ಕೆಂಪು ಎಳೆಗಳನ್ನು ಮಾತ್ರ ಬಿಡಿಸಿ ಬಿಡಿಸಿ ಜಗಿದ,
ಸಾಲ ತೀರಿಸುವವನ ಹಾಗೆ.
ಹದಿನೈದು ದಿನ.
ತಕ್ಕಡಿಯ ಮುಳ್ಳು ಅರ್ಧ ಕಿಲೋ ಹಿಂದಕ್ಕೆ ಹೋಯಿತು.
ಬಾಯಿ ವಾಸನೆ. ಹೊಟ್ಟೆ ಕಲ್ಲು.
ಬೆಳಿಗ್ಗೆ ಗುಡ್ಡ ಓಡಲು ಹೊರಟವನು ಅರ್ಧಕ್ಕೇ ಕುಕ್ಕರಿಸಿದ.

ಕೈ ಹಿಡಿದು ನನ್ನ ಗುಡಾರದೊಳಗೆ ಎಳೆದು ತಂದೆ.
ನೋಡು, ಎಂದೆ, ಸುತ್ತ ನೋಡು.
ಗೋಡೆಯ ಈ ಹೆಣೆದ ಕಡ್ಡಿ ನಿನ್ನ ಮಾಂಸಖಂಡ.
ಮೇಲೆ ಹೊದಿಸಿದ ಉಣ್ಣೆಯ ಹಾಸು ಕೊಬ್ಬು,
ಜನವರಿ ಬರಲಿ, ಅದರ ಬೆಲೆ ತಿಳಿಯುತ್ತದೆ.
ನಡುವೆ ಒಲೆ. ಒಲೆಗೆ ಬೆರಣಿ.
ಬೆರಣಿ ಅಂದರೆ ಹಿಟ್ಟು,
ನೀನು ಸರಿಸಿಟ್ಟ ಆ ಬಟ್ಟಲು.
ಬೆರಣಿ ಮುಗಿದ ರಾತ್ರಿ ಮನುಷ್ಯ ಏನು ಮಾಡುತ್ತಾನೆ ಹೇಳು?
ಗೋಡೆಯ ಕಡ್ಡಿ ಮುರಿದು ಒಲೆಗಿಡುತ್ತಾನೆ.
ಹದಿನೈದು ದಿನದಿಂದ ನೀನು
ಕಡ್ಡಿ ಹೊತ್ತು ತಂದು
ಕಡ್ಡಿಯನ್ನೇ ಸುಡುತ್ತಿದ್ದೀಯ.

ಎರಡು ಮುಷ್ಟಿ ಹಿಟ್ಟಿಗೆ ಒಂದು ಅಂಗೈ ಮಾಂಸ,
ಹೆಬ್ಬೆರಳಷ್ಟು ಬಾಲದ ಕೊಬ್ಬು.
'ಯಾರ ಹೆಬ್ಬೆರಳು?' ಎಂದ.
ನನ್ನದು ತೋರಿಸಿದೆ. ಮೊದಲ ಸಲ ನಕ್ಕ.

ಆದರೂ ಬಟ್ಟಲು ಅರ್ಧವಾಗುವ ಮೊದಲೇ 'ಸಾಕು' ಎನ್ನುವ.
ಬೆಳಗಿನ ಉಪ್ಪು ಚಹಾಕ್ಕೆ ಹುರಿದ ನವಣೆ, ಬೆಣ್ಣೆ ಹಾಕಿ ಕೊಟ್ಟರೂ
ತಳದಲ್ಲಿ ಮೂರು ಗುಟುಕು ಉಳಿಸುವ, ಯಾರಿಗೋ.
ಒಂದು ರಾತ್ರಿ ಹಂಡೆ ಉಜ್ಜುತ್ತ ಹೇಳಿದ:
ಮನೆಯಲ್ಲಿ ಅವನ ಕೆಳಗೆ ಆರು ಜನ.
ಬಟ್ಟಲು ಅವನನ್ನು ದಾಟಿ ಮುಂದೆ ಹೋಗಬೇಕು.
ಮಾತು ಬಂದಾಗಲೇ ಕಲಿತ ಸುಳ್ಳು,
ಹೊಟ್ಟೆ ತುಂಬಿದೆ.

ಇದಕ್ಕೆ ಚಾರ್ಟಿನಲ್ಲಿ ಬಣ್ಣ ಇರಲಿಲ್ಲ.
ನಾನೂ ಏನೂ ಅನ್ನಲಿಲ್ಲ.
ಮರುದಿನದಿಂದ ಅವನಿಗೆ ಕೊನೆಗೆ ಬಡಿಸಿದೆ,
ಅವನ ಮುಂದೆ ಯಾರೂ ಕೂತಿರದ ಹಾಗೆ.

ಜುಲೈ. ಎಪ್ಪತ್ತೆರಡು ಕಿಲೋ, ಬೂಟು ಬಿಚ್ಚಿ.
ಮೊದಲ ಸುತ್ತು ಗೆದ್ದ,
ಗರುಡನಂತೆ ತೋಳು ಚಾಚಿ ಕುಣಿದ, ನಾಚುತ್ತಲೇ.
ಎರಡನೆಯದರಲ್ಲಿ ಗುಡ್ಡದಂಥವನೊಬ್ಬ
ಇವನನ್ನು ಅಲುಗಿಸಲಾಗದೆ ಬಹಳ ಹೊತ್ತು ಬೆವರಿದ,
ಆಮೇಲೆ ಕೆಡವಿದ.
ನುಸುಳುವಾಗ ಹುಡುಗನ ಭುಜ
ಎತ್ತಿದ ತೋಳಿಗೆ ತಾಗಿತು.

ಸೋದ್ನೋಮ್ ಏನೋ ಬೈಯುತ್ತಲೇ ಇದ್ದ.
ಇವನು ನೇರ ನನ್ನ ಹಂಡೆಯ ಬಳಿ ಬಂದ,
ಬೆನ್ನ ತುಂಬ ಹುಲ್ಲು.
ಹಸಿವು, ಅಂದ.
ಏನಂದೆ?
ಹಸಿವಾಗಿದೆ.

ಹಿಟ್ಟಿನ ಕೈ ಒರೆಸಿಕೊಳ್ಳದೆಯೇ
ಸೌಟನ್ನು ತಳಕ್ಕಿಳಿಸಿದೆ,
ಮೂರೂ ಕೂಡಿ ಕೂತಿರುವಲ್ಲಿಗೆ.